ಒಗೆತದ ಅತ್ತೆಗೆ ದನಿ ಕೊಟ್ಟವಳು

ಇಂಗ್ವೆ ಸಾಂಡೆಲ್ ತನ್ನ ಜೀವಮಾನದಲ್ಲಿ ಕರೆಯದವರ ಮನೆಯ ಗಂಟೆ ಒತ್ತಿದವನಲ್ಲ. ಇದನ್ನು ಯಾರೂ ಅವನ ದೋಷವೆಂದು ಎಣಿಸಿರಲಿಲ್ಲ. ನಾರ್‌ಶೋಪಿಂಗ್ ಊರಿನ ಆ ಹಳದಿ ಇಟ್ಟಿಗೆಯ ಕಟ್ಟಡದಲ್ಲಿ ಬೇರೆ ಯಾರೂ ಹಾಗೆ ಒತ್ತಿದವರಿರಲಿಲ್ಲ. ಸ್ವೀಡನ್ನಿನವರು ಪ್ರಧಾನಿಯನ್ನೂ 'ನೀನು' ಎಂದೇ ಮಾತಾಡಿಸುವ ಜನ. ಆದರೆ ಪಕ್ಕದ ಮನೆಯವನ ಎದುರು ನಿಂತು 'ನೀನು ನನ್ನ ಸರದಿಯಲ್ಲಿ ಬಟ್ಟೆ ಒಗೆದುಬಿಟ್ಟೆ' ಎಂದು ಹೇಳಬೇಕಾಗಿ ಬಂದರೆ ಅವರ ನಾಲಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ.

ಹೇಳಬೇಕಾದದ್ದಂತೂ ಬೇಕಾದಷ್ಟಿರುತ್ತಿತ್ತು. ಕಟ್ಟಡಕ್ಕೆಲ್ಲ ಸೇರಿ ಒಗೆಯುವ ಯಂತ್ರಗಳಿದ್ದದ್ದು ನೆಲಮಾಳಿಗೆಯ ಒಂದು ಕೋಣೆಯಲ್ಲಿ. ಪ್ರತಿ ಮನೆಗೂ ಒಂದು ಸರದಿ. ಸರದಿ ಮುಗಿದ ಮೇಲೆ ಒಣಗಿಸುವ ಯಂತ್ರದ ಜರಡಿಯಲ್ಲಿ ಕೂತ ನೂಲಿನ ಧೂಳನ್ನು ತೆಗೆದು ಹೋಗಬೇಕು. ಆ ಧೂಳಿಗಾಗಿ ಅಲ್ಲಿ ನಡೆದಷ್ಟು ಯುದ್ಧ ಈ ದೇಶ ಇನ್ನೂರು ವರ್ಷಗಳಲ್ಲಿ ನಡೆಸಿಲ್ಲ. ಯುದ್ಧವೆಲ್ಲ ಚೀಟಿಯಲ್ಲೇ ನಡೆಯುತ್ತಿತ್ತು, ಹೆಸರಿಲ್ಲದ ಚೀಟಿ, ಗೋಡೆಗೆ ಅಂಟಿಸಿದ್ದು. 'ಪ್ರಿಯ ನೆರೆಯವರೇ' ಎಂದು ಶುರುವಾದರೆ ಬರೆದವರಿಗೆ ಕೋಪ ಬಂದಿದೆ ಎಂದರ್ಥ. ಕೊನೆಯಲ್ಲಿ ನಗುಮುಖದ ಚಿತ್ರ ಬಿಡಿಸಿದ್ದರೆ ಬರೆದವರು ಕೊಲೆಗೂ ಹೇಸುವವರಲ್ಲ ಎಂದು ತಿಳಿದುಕೊಳ್ಳಬೇಕು.

ಇಂಗ್ವೆ ಕೆಲಸದಲ್ಲಿದ್ದಾಗ ಊರಿನ ಶಾಲೆಗಳಿಗೆ ಪ್ರೊಜೆಕ್ಟರು, ಪರದೆ, ಟೇಪುಗಳನ್ನು ಗಾಲಿ ಬಂಡಿಯ ಮೇಲೆ ತಳ್ಳಿಕೊಂಡು ಹೋಗುತ್ತಿದ್ದ. ಬೆಳಕು ಇರುವ ತನಕ ಮಕ್ಕಳಾಗಲಿ ಮೇಷ್ಟರಾಗಲಿ ಅವನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ದೀಪ ಆರಿಸಿದ ಕೂಡಲೇ ಆ ಕೋಣೆಗೆ ಅವನೇ ಅರಸ. ಅವನ ಹೆಂಡತಿ ಬಿಟ್ಟು ಹೋದದ್ದೂ ಜಗಳವಿಲ್ಲದೆ. ಚಮಚಗಳನ್ನು ಸಮನಾಗಿ ಹಂಚಿಕೊಂಡು, ಪರಸ್ಪರ ಥ್ಯಾಂಕ್ಸ್ ಹೇಳಿ, ಅವಳು ಮಾಲ್ಮೋಗೆ ರೈಲು ಹತ್ತಿದಳು. ನಿವೃತ್ತಿಯಾದ ಮೇಲೆ ಇಂಗ್ವೆಗೆ ಬ್ರೌಸರ್ ಎಂಬ ಕಿಟಕಿ ಸಿಕ್ಕಿತು. ಏನನ್ನೂ ಇಳಿಸಿಕೊಳ್ಳಬೇಕಿಲ್ಲ, ತೆರೆದರೆ ಸಾಕು, ಅದು ಚಿತ್ರ ಬರೆಯುತ್ತದೆ, ಹಾಡುತ್ತದೆ, ಕೇಳಿಸಿಕೊಳ್ಳುತ್ತದೆ. ಜೀವಮಾನವೆಲ್ಲ ತಳ್ಳಿದ ಆ ಬಂಡಿಯ ಸಾಮಾನಿಷ್ಟೂ ಒಂದು ಪುಟದೊಳಗೆ ಬಂದು ಕೂತಿರುವುದನ್ನು ಕಂಡು ಅವನಿಗೆ ಎರಡನೇ ಪ್ರಾಯ ಬಂದಂತಾಯಿತು.

ಹೀಗೆ ಅವನು ಒಗೆಯುವ ಕೋಣೆಗೊಂದು ಜಾಲಪುಟ ಕಟ್ಟಿದ. ಸರದಿ ಬರೆದಿಡಲು ಒಂದು ಪಟ್ಟಿಯಿದ್ದರೆ ಸಾಕಿತ್ತು. ಆದರೆ ಕಲಾವಿದನ ಕೈ ಸುಮ್ಮನಿರುತ್ತದೆಯೇ? ಯಂತ್ರ ಓಡುತ್ತಿದ್ದರೆ ಪುಟದಲ್ಲೂ ಅದರ ಡ್ರಮ್ಮು ತಿರುಗುತ್ತಿತ್ತು, ಒಳಗೆ ಬಣ್ಣದ ಕಾಲುಚೀಲಗಳು ಹೊರಳುತ್ತಿದ್ದವು. ಸರದಿ ಶುರುವಾದರೆ ಒಂದು ಹಕ್ಕಿ ಕೂಗುತ್ತಿತ್ತು, ಆ ಕೂಗನ್ನು ಅವನೇ ಪಾರ್ಕಿಗೆ ಹೋಗಿ ಧ್ವನಿಮುದ್ರಿಸಿ ತಂದಿದ್ದ. ಡಿಸೆಂಬರಿನಲ್ಲಿ ಪುಟದಲ್ಲಿ ಬರೆದ ಕಿಟಕಿಗಳಲ್ಲಿ ಕ್ರಿಸ್ಮಸ್ಸಿನ ಕಾಗದದ ನಕ್ಷತ್ರಗಳು ಬೆಳಗಿದವು. ಕಟ್ಟಡದ ನಿವಾಸಿಗಳ ಸಂಘದ ಅಧ್ಯಕ್ಷ ರೂಟ್‌ಗರ್ ಪಾಲ್ಮ್‌ಲುಂಡ್ ತಾನೂ ಅದರಲ್ಲಿರಬೇಕೆಂದು ಹಟ ಹಿಡಿದದ್ದರಿಂದ, ಅವನ ಸ್ವಾಗತ ಭಾಷಣದ ವಿಡಿಯೊವೂ ಸೇರಿತು. ಅದನ್ನು ಪೂರ್ತಿ ನೋಡದೆ ಯಾರೂ ಒಂದು ಟವೆಲನ್ನೂ ಒಗೆಯುವಂತಿರಲಿಲ್ಲ. ಮೂರನೇ ಮಹಡಿಯ ಮುದುಕಿಯರಿಬ್ಬರು ಟೀವಿ ನೋಡುವುದನ್ನೇ ಬಿಟ್ಟು, ಪರರ ಕಾಲುಚೀಲಗಳು ಹೊರಳುವುದನ್ನು ನೋಡುತ್ತ ಕೂತರು.

ಚೀಟಿಗಳೂ ಇದರಲ್ಲೇ ಬರಲಿ ಎಂದು ರೂಟ್‌ಗರ್‌ನೇ ಸೂಚಿಸಿದ. ಅಂಟಿಸಿದರೆ ಗೋಡೆಯ ಬಣ್ಣ ಕೀಳುತ್ತದೆ ಎಂಬುದು ಅವನ ಕಾಳಜಿ. ಇಂಗ್ವೆ ಒಬ್ಬ ಹೆಂಗಸಿನ ಚಿತ್ರ ಬರೆದ. ತಲೆಯ ಮೇಲೆ ಗಂಟು, ಏಪ್ರನ್ನು, ಅಲ್ಲಾಡಿಸುವ ತೋರುಬೆರಳು. ಯಾರ ಮೇಲೆ ದೂರಿದೆಯೋ ಅವರ ಮನೆಯ ಸಂಖ್ಯೆ ಆರಿಸಿ ಗುಂಡಿ ಒತ್ತಿದರೆ, ಈ ಹೆಂಗಸು ಅವರ ಫೋನಿನಲ್ಲಿ ಪ್ರತ್ಯಕ್ಷವಾಗಿ ಬೈದು ಮಾಯವಾಗುತ್ತಾಳೆ. ಒತ್ತಿದವರು ಯಾರೆಂದು ಗೊತ್ತಾಗುವುದಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಜನ ಅವಳಿಗೆ 'ಒಗೆತದ ಅತ್ತೆ' ಎಂದು ಹೆಸರಿಟ್ಟರು.

ಅತ್ತೆಗೆ ದನಿ ಬೇಕಲ್ಲ? ದನಿ ಅವನ ತಲೆಯ ಮೇಲೆಯೇ ಇತ್ತು. ಸರಿಯಾಗಿ ಅವನ ಮೇಲಿನ ಮನೆಯಲ್ಲಿದ್ದವಳು ಮಾಯ್‌ಲಿಸ್ ಓಕರ್‌ಬ್ಲುಮ್. ಗಂಡ ಸತ್ತು ಬಹಳ ಕಾಲವಾಗಿತ್ತು. ಊರಿನ ಈಜುಕೊಳದಲ್ಲಿ ಟಿಕೆಟ್ ಕೊಡುತ್ತ, ಧ್ವನಿವರ್ಧಕದಲ್ಲಿ 'ಓಡಬೇಡಿ' ಎನ್ನುತ್ತ ಆಯುಷ್ಯ ಕಳೆದವಳು. ಈ ಊರಿನ ಎರಡು ತಲೆಮಾರು ಒದ್ದೆ ನೆಲದ ಮೇಲೆ ನಿಧಾನ ನಡೆಯಲು ಕಲಿತದ್ದು ಅವಳ ದನಿಯಿಂದಲೇ. ಇಂಗ್ವೆಗೆ ಅವಳ ಮೇಲೆ ಮನಸ್ಸಿತ್ತು, ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಮೆಟ್ಟಿಲ ಮೇಲೆ ಎದುರಾದಾಗ ಅವಳು ಅಲ್ಲಿಯವರ ನಮಸ್ಕಾರವಾದ 'ಹೇಯ್' ಎಂದರೆ ಆ ದಿನವೆಲ್ಲ ಅವನ ಕಾಫಿಗೆ ರುಚಿ ಹೆಚ್ಚುತ್ತಿತ್ತು. ಒಂದು ಮಹಡಿ ಹತ್ತಿ ಕೇಳುವ ಬದಲು ಅವಳ ಬಾಗಿಲಿನ ಟಪಾಲು ಕಂಡಿಯಲ್ಲಿ ಚೀಟಿ ಹಾಕಿದ. ಒಪ್ಪಿಗೆಯೂ ಚೀಟಿಯಲ್ಲೇ ಕೆಳಗಿಳಿಯಿತು. ಅವಳೂ ಇದೇ ನೀರಿನ ಮೀನು.

ಧ್ವನಿಮುದ್ರಣ ನಡೆದದ್ದು ಒಗೆಯುವ ಕೋಣೆಯಲ್ಲಿ, ಯಂತ್ರಗಳನ್ನೆಲ್ಲ ನಿಲ್ಲಿಸಿ. ಮಾಯ್‌ಲಿಸ್ ಏಲಕ್ಕಿ ಬನ್ನು ಸುಟ್ಟು ತಂದಿದ್ದಳು. ಗೋಡೆಗೆ ತೂಗುಹಾಕಿದ ನಿಯಮಗಳಿಷ್ಟನ್ನೂ ಅವಳು ಒಂದೊಂದಾಗಿ ಓದಿದಳು. ಜರಡಿ ಒರೆಸಿದ್ದೀಯಾ, ನಿನ್ನ ಸಮಯ ಮುಗಿಯಿತು, ಮಕ್ಕಳು ಒಂಟಿ ಬರುವಂತಿಲ್ಲ, ನಾಯಿಯನ್ನು ಒಳಗೆ ತರಬೇಡ, ಹಾಸುಬಟ್ಟೆ ಅರವತ್ತು ಡಿಗ್ರಿಯಲ್ಲಿ ಒಗೆ. ಡಿಗ್ರಿಗೆ ಬರುವಷ್ಟರಲ್ಲಿ ಅವಳಿಗೆ ನಗು ತಡೆಯಲಿಲ್ಲ. ಆ ಅರ್ಧ ಗಂಟೆ ಇಂಗ್ವೆಯ ಮುಪ್ಪಿನ ಹಬ್ಬ. ಕಾಫಿಗೆ ಕರೆಯಬೇಕೆಂದು ಬಾಯಿ ತೆರೆದವನು, ಮೈಕಿನಿಂದ ಒಂದು ಗೇಣು ಹಿಂದೆ ನಿಂತು ಮತ್ತೊಮ್ಮೆ ಓದುತ್ತೀಯಾ ಎಂದು ಕೇಳಿದ.

ಅಲ್ಲಿಗೇ ಬಿಟ್ಟಿದ್ದರೆ ಕಥೆ ಬೇರೆಯಾಗುತ್ತಿತ್ತು. ಆದರೆ ಅವನು ಅವಳ ವಾಕ್ಯಗಳನ್ನು ಪದ ಪದವಾಗಿ ಕತ್ತರಿಸಿ ಪುಟದಲ್ಲಿ ಮಣಿಗಳ ಹಾಗೆ ಹರಡಿದ. ಯಾರು ಬೇಕಾದರೂ ಎಳೆದು ಪೋಣಿಸಿಕೊಳ್ಳಬಹುದು, ಅತ್ತೆ ಅದನ್ನೇ ನುಡಿಯುತ್ತಾಳೆ. ಜನರಲ್ಲಿರುವ ಸೃಜನಶಕ್ತಿಗೆ ದಾರಿ ಮಾಡಿಕೊಡಬೇಕೆಂದು ಅವನ ಆಸೆ. ಜನರಲ್ಲಿ ಅದು ಎಷ್ಟಿದೆ ಎಂಬ ಅಂದಾಜು ಮಾತ್ರ ಅವನಿಗಿರಲಿಲ್ಲ.

ಮೊದಮೊದಲು ಎಲ್ಲ ಚೆನ್ನಾಗಿತ್ತು. ಗೋಡೆ ಸ್ವಚ್ಛವಾಯಿತು, ಜರಡಿ ಫಳಫಳ ಹೊಳೆಯಿತು, 'ವಾತಾವರಣ ಗಮನಾರ್ಹವಾಗಿ ಸುಧಾರಿಸಿದೆ' ಎಂದು ರೂಟ್‌ಗರ್ ವಾರ್ಷಿಕ ವರದಿಯಲ್ಲಿ ಬರೆದ. ಬೈಯುವುದು ಇಷ್ಟು ಸಲೀಸೆಂದು ಗೊತ್ತಾದ ಮೇಲೆ ಯಾರು ಬಿಟ್ಟಾರು? ಅದು ಒಗೆಯುವ ಕೋಣೆ ದಾಟಿ ಮೆಟ್ಟಿಲಿಗೆ ಬಂತು, ಬಾಲ್ಕನಿಗೆ ಹೋಯಿತು. ಎರಡನೇ ಮಹಡಿಯ ನಾಯಿ ಬೊಗಳಿದಾಗ ಅದರ ಒಡೆಯನಿಗೆ 'ನಾಯಿಯನ್ನು ಅರವತ್ತು ಡಿಗ್ರಿಯಲ್ಲಿ ಒಗೆ' ಎಂದು ಅಪ್ಪಣೆಯಾಯಿತು. ಇಂಗ್ವೆಯ ಎದುರು ಮನೆಯ ನಸ್ರೀನ್ ದಂತವೈದ್ಯರ ಬಳಿ ನರ್ಸು. ಕೆಲಸದ ಪಾಳಿ ಮುಗಿಸಿ ಬರುವುದು ತಡವಾದ ದಿನ ಅವಳ ಫೋನು 'ನಿನ್ನ ಮಕ್ಕಳು ಒಂಟಿ, ನಿನ್ನ ಸಮಯ ಮುಗಿಯಿತು' ಎಂದಿತು. ಅವಳು ಮನೆಯಲ್ಲೇ ಬಿಟ್ಟುಹೋಗಿದ್ದ ಆ ಫೋನು ಆಗ ಅವಳ ಮಗನ ಕೈಯಲ್ಲಿತ್ತು.

ಒತ್ತಿದವರು ಯಾರೆಂದು ಬೈಸಿಕೊಂಡವನಿಗೆ ಗೊತ್ತಿರಲಿಲ್ಲ. ದನಿ ಯಾರದೆಂದು ಮಾತ್ರ ಎಲ್ಲರಿಗೂ ಗೊತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಹಾಗೆ, ಕೋಪವೆಲ್ಲ ಮಾಯ್‌ಲಿಸ್ ಮೇಲೆ ಬಂತು. ಮೆಟ್ಟಿಲ ಮೇಲೆ ಅವಳು 'ಹೇಯ್' ಎಂದರೆ ದೊಡ್ಡವರು ಬೆಚ್ಚಿ, ತಾವೇನು ತಪ್ಪು ಮಾಡಿದೆವೆಂದು ಕೈಚೀಲ ತಡಕಿಕೊಂಡರು. ನಸ್ರೀನಳ ಮಗ ತಾಯಿಯ ಕೋಟಿನ ಹಿಂದೆ ಅವಿತುಕೊಂಡ. ಒಂದು ಬೆಳಿಗ್ಗೆ ಮಾಯ್‌ಲಿಸ್ ಬಾಗಿಲ ಮುಂದಿನ ಚಾಪೆಯ ಮೇಲೆ ಒಂದು ಚೀಲ ತುಂಬ ಜರಡಿಯ ಧೂಳಿತ್ತು, ಮೇಲೆ ರಿಬ್ಬನ್ ಕಟ್ಟಿತ್ತು. ಆ ದಿನದಿಂದ ಅವಳು ಮಾತಾಡುವುದನ್ನೇ ನಿಲ್ಲಿಸಿ, ತಲೆಯಷ್ಟೇ ಆಡಿಸಿಕೊಂಡು ಓಡಾಡಿದಳು.

ಇಂಗ್ವೆಯನ್ನು ಯಾರೂ ಬೈಯಲಿಲ್ಲ. ಪುಟ ಬಹಳ ಚೆನ್ನಾಗಿದೆ ಎಂದು ಎಲ್ಲರೂ ಹೊಗಳಿದರು. ಅವನಿಗೆ ಧೂಳಿನ ಚೀಲದ ಸುದ್ದಿ ತಿಳಿದಿತ್ತು. ಮೇಲೆ ನಡೆದಾಡುವ ಅವಳ ಹೆಜ್ಜೆ ಭಾರವಾದದ್ದೂ ಕೇಳಿಸುತ್ತಿತ್ತು. ಮುಂದಿನ ಆವೃತ್ತಿಯಲ್ಲಿ ಸರಿಪಡಿಸೋಣ ಎಂದುಕೊಂಡ. ಪುಟ ಕಟ್ಟುವವರಿಗೆ ದೇವರು ಕೊಟ್ಟ ವರವೆಂದರೆ ಈ ಮುಂದಿನ ಆವೃತ್ತಿ, ಅದರಲ್ಲಿ ಎಲ್ಲ ಪಾಪಕ್ಕೂ ಪರಿಹಾರವಿರುತ್ತದೆ.

ವಸಂತ ಬಂತು. ಒಂದು ಬೆಳಿಗ್ಗೆ ಮನೆ ಮಾರಾಟದ ಜಾಲತಾಣ ನೋಡುತ್ತಿದ್ದ ಇಂಗ್ವೆಗೆ ತನ್ನ ಕಟ್ಟಡದ್ದೇ ಚಿತ್ರ ಕಂಡಿತು. ಒಂದನೇ ಮಹಡಿ, ಎರಡು ಕೋಣೆ, ಅಡಿಗೆಮನೆ, ಬೆಳಕಿನ ಬಾಲ್ಕನಿ. ಭಾನುವಾರ ಮನೆ ನೋಡಬಹುದು. ಮಾಯ್‌ಲಿಸ್ ಮನೆ! ಕೆಳಗೆ 'ಒಳಗೆ ನಡೆದಾಡಿ' ಎಂಬ ಗುಂಡಿಯಿತ್ತು.

ಒತ್ತಿದ. ಬ್ರೌಸರ್ ಅವನನ್ನು ಕೈಹಿಡಿದು ಹೊಸ್ತಿಲು ದಾಟಿಸಿತು. ಮೌಸು ಎಳೆದ ಕಡೆ ಮನೆ ತಿರುಗಿತು. ಅಡಿಗೆಮನೆಯ ಮೇಜಿಗೆ ಕಿಟಕಿಯ ಬಿಸಿಲು ಬಿದ್ದಿತ್ತು, ಒಂದೇ ಕುರ್ಚಿಯ ಮೇಲೆ ದಿಂಬಿತ್ತು. ಗೋಡೆಯಲ್ಲಿ ಈಜುಕೊಳದ ಸಿಬ್ಬಂದಿಯ ಫೋಟೊ ಇತ್ತು. ಮೂಲೆಯಲ್ಲಿ ಆಗಲೇ ಕಟ್ಟಿಟ್ಟ ಪೆಟ್ಟಿಗೆಗಳಿದ್ದವು. ಇಷ್ಟು ವರ್ಷ ತನ್ನ ತಲೆಯ ಮೇಲಿದ್ದ ಮನೆಯನ್ನು ಅವನು ಆ ಬೆಳಿಗ್ಗೆ ಎಷ್ಟು ಸಲ ಸುತ್ತಿದನೋ. ಎಷ್ಟು ಸುತ್ತಿದರೂ ಅಡಿಗೆಮನೆಯಿಂದ ಅವಳು ಹೊರಗೆ ಬರಲಿಲ್ಲ. ಮೇಲೆ ನಿಜವಾದ ನೆಲ ಕಿರುಗುಟ್ಟಿತು, ಇವನು ಮೌಸು ಬಿಟ್ಟು ಚಾವಣಿಯನ್ನು ನೋಡಿದ. ಅವಳು ಹೋಗುತ್ತಿದ್ದಾಳೆ, ಓಡಿಸಿದವನು ತಾನು. ಇದಕ್ಕೆ ಮುಂದಿನ ಆವೃತ್ತಿ ಇಲ್ಲ ಎಂಬುದು ಅವನಿಗೆ ಆಗ ಅರ್ಥವಾಯಿತು.

ಅದೇ ವಾರ ಸಂಘದ ವಾರ್ಷಿಕ ಸಭೆ. ಸೈಕಲ್ ಕೋಣೆಯಲ್ಲಿ ಕುರ್ಚಿ ಹಾಕಿ, ಕಾಫಿ ಕೇಕು ಇಟ್ಟಿದ್ದರು. ಮಾಯ್‌ಲಿಸ್ ಬಂದಿರಲಿಲ್ಲ. ಕೊನೆಯ ಅಂಶ 'ಇತರ ವಿಷಯಗಳು'. ಇತರ ವಿಷಯ ಯಾವತ್ತೂ ಇರುವುದಿಲ್ಲ ಎಂಬುದು ಆ ಸಭೆಯ ಸಂಪ್ರದಾಯ. ಇಂಗ್ವೆ ಎದ್ದು ನಿಂತಾಗ ರೂಟ್‌ಗರ್ ಆಗಲೇ ಸಭೆ ಮುಗಿಸುವ ಸುತ್ತಿಗೆ ಎತ್ತಿದ್ದ.

"ಮಾಯ್‌ಲಿಸ್ ಯಾರನ್ನೂ ಬೈದಿಲ್ಲ," ಎಂದ ಇಂಗ್ವೆ. "ಬೈದಿದ್ದು ನಾವು. ಅವಳ ಬಾಯಲ್ಲಿ."

"ಇಂಗ್ವೆ, ಇಲ್ಲಿ ಯಾರೂ ಯಾರ ಹೆಸರನ್ನೂ ಎತ್ತಿಲ್ಲ," ಎಂದ ರೂಟ್‌ಗರ್.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರು ಬೇರೆ ದೇಶದವರು. ಇಲ್ಲಿಯವರು ಕಾಫಿ ಕಪ್ಪಿನ ತಳ ನೋಡಿಕೊಂಡರು. ಇಂಗ್ವೆ ತನ್ನ ಯೋಜನೆ ಹೇಳಿದ. ಇನ್ನು ಮೇಲೆ ಅತ್ತೆ ಇರುವುದಿಲ್ಲ. ದೂರು ಇದ್ದವರು ಪುಟ ತೆರೆದು ಮೈಕಿನ ಗುಂಡಿ ಒತ್ತಿ ಸ್ವಂತ ದನಿಯಲ್ಲಿ ಹೇಳಬೇಕು, ಮುದ್ರಿಸಿಕೊಂಡು ಕಳಿಸುವ ಕೆಲಸ ಬ್ರೌಸರಿನದು. ಹಾಗಾದರೆ ಬೈದವರು ಯಾರೆಂದು ಗೊತ್ತಾಗಿಬಿಡುತ್ತದಲ್ಲ ಎಂದು ಹಿಂದಿನ ಸಾಲಿನಿಂದ ಯಾರೋ ಗಾಬರಿಯಲ್ಲಿ ಕೇಳಿದರು. ಅದು ಈ ಕಟ್ಟಡದ ರೀತಿಯಲ್ಲ ಎಂದು ಇನ್ನೊಬ್ಬರು.

ನಸ್ರೀನ್ ಕೇಕಿನ ತಟ್ಟೆ ಕೆಳಗಿಟ್ಟಳು. "ನಾನೂ ಒತ್ತಿದೀನಿ," ಎಂದಳು. "ನನ್ನ ಮಗ ಅತ್ತ ದಿನ ಸಿಟ್ಟು ಬಂತು, ನಾನೂ ಬೇರೆಯವರಿಗೆ ಒತ್ತಿದೆ. ಈಗ ನಾಚಿಕೆ ಆಗತ್ತೆ."

ಅವಳು ತುಂಬಿದ ಸಭೆಯಲ್ಲಿ ಬಟ್ಟೆ ಬಿಚ್ಚಿದಳೋ ಎಂಬಂತೆ ಎಲ್ಲರೂ ಮುಖ ತಿರುಗಿಸಿದರು. ವಿಷಯ ಗಂಭೀರವಾಗಿರುವುದರಿಂದ ಒಂದು ಉಪಸಮಿತಿ ಮಾಡೋಣ, ಶರತ್ಕಾಲಕ್ಕೆ ವರದಿ ಕೊಡಲಿ ಎಂದು ರೂಟ್‌ಗರ್ ಸುತ್ತಿಗೆ ಕುಟ್ಟಿದ. ಕೇಕು ಖಾಲಿಯಾಯಿತು.

ಇಂಗ್ವೆ ಉಪಸಮಿತಿಗೆ ಕಾಯಲಿಲ್ಲ. ಮನೆಗೆ ಬಂದವನೇ ಅತ್ತೆಯನ್ನು ಅಳಿಸಿದ, ಮಾಯ್‌ಲಿಸ್ ಹೇಳಿದ ಪದಗಳನ್ನು ಒಂದೂ ಉಳಿಸದೆ ತೆಗೆದ. ಆ ಜಾಗದಲ್ಲಿ ಒಂದು ಮೈಕಿನ ಚಿತ್ರವಿಟ್ಟ. ಮರುದಿನ ಯಾರೂ ಅದನ್ನು ಒತ್ತಲಿಲ್ಲ, ಅದರ ಮರುದಿನವೂ ಇಲ್ಲ. ಎಷ್ಟೊಂದು ಅನ್ಯಾಯ ಸಹಿಸುತ್ತಿದ್ದ ಕಟ್ಟಡ ಒಮ್ಮೆಗೇ ಸಂತೃಪ್ತವಾಯಿತು. ಜರಡಿಯಲ್ಲಿ ಮಾತ್ರ ಧೂಳು ಬೆರಳು ದಪ್ಪ ಬೆಳೆಯಿತು.

ಆದರೆ ಇದೆಲ್ಲ ಮಾಯ್‌ಲಿಸ್‌ಗೆ ಗೊತ್ತಾಗುವುದು ಹೇಗೆ? ಅವಳು ಆ ಪುಟ ತೆರೆಯುವುದನ್ನು ಬಿಟ್ಟು ತಿಂಗಳುಗಳಾಗಿದ್ದವು. ಇಂಗ್ವೆ ಅವಳಿಗೊಂದು ಸಂದೇಶ ಮುದ್ರಿಸಲು ಕೂತ. ಮೈಕ್ ಬಳಸಲು ಅನುಮತಿ ಕೊಡುತ್ತೀಯಾ ಎಂದು ಬ್ರೌಸರ್ ಕೇಳಿತು. ಕೊಟ್ಟ. 'ಪ್ರಿಯ ನೆರೆಯವಳೇ' ಎಂದು ಶುರುಮಾಡಿ ತನಗೇ ಹೇಸಿ ಅಳಿಸಿದ. ಮತ್ತೊಮ್ಮೆ ಹೇಳಿ, ಹಿನ್ನೆಲೆಗೆ ಹಕ್ಕಿಯ ಕೂಗು ಸೇರಿಸಿದ. ಕೊನೆಯಲ್ಲಿ ದನಿ ಮೆಲ್ಲಗೆ ಕರಗುವಂತೆ ಮಾಡಿದ. ಎಲ್ಲ ಮುಗಿಸಿ ಕೇಳಿದರೆ ಅದು ಹಿತ್ತಲ ತೋಟದ ಗೊಬ್ಬರದ ಜಾಹೀರಾತಿನಂತಿತ್ತು. ಅದನ್ನೂ ಅಳಿಸಿದ.

ಭಾನುವಾರ ಅವನು ಶುಭ್ರ ಅಂಗಿ ತೊಟ್ಟು ಮನೆಯಿಂದ ಹೊರಟ. ಬಲಗಡೆಗೆ ತಿರುಗಿ ಮೇಲೆ ಹತ್ತಿದ. ಮೇಲಿನ ಬಾಗಿಲ ಮುಂದೆ ಮನೆ ನೋಡಲು ಬಂದವರ ಸಾಲು ನಿಂತಿತ್ತು. ಅವನೂ ಸಾಲಿನ ಕೊನೆಗೆ ನಿಂತ, ಸರದಿ ಬಂದಾಗ, ನೆಲ ಕೊಳೆಯಾಗದಿರಲೆಂದು ಎಲ್ಲರಂತೆ ಬುಟ್ಟಿಯಿಂದ ನೀಲಿ ಪ್ಲಾಸ್ಟಿಕ್ ಚೀಲ ತೆಗೆದು ಬೂಟಿನ ಮೇಲೆ ಎಳೆದುಕೊಂಡ. ಗಂಟೆ ಒತ್ತುವ ಪ್ರಮೇಯವೇ ಬರಲಿಲ್ಲ, ಬಾಗಿಲು ತೆರೆದೇ ಇತ್ತು. ಒಳಗೆಲ್ಲ ತಿರುಗಿದ. ಪುಟದಲ್ಲಿ ಕಂಡದ್ದೆಲ್ಲ ಅಲ್ಲಿತ್ತು, ಅವಳಷ್ಟೇ ಇರಲಿಲ್ಲ. ಮನೆ ತೋರಿಸುವಾಗ ಒಡೆಯರು ಇರಬಾರದೆಂಬ ಪದ್ಧತಿ ಅವನಿಗೆ ನೆನಪೇ ಬಂದಿರಲಿಲ್ಲ. ಅವಳು ಬಟ್ಟೆ ಒಗೆಯಲು ಕೆಳಗೆ ಹೋದಹಾಗಿತ್ತು ಎಂದು ದಲ್ಲಾಳಿ ಹುಡುಗಿ ಹೇಳಿ, ನಿನಗೆ ಬಾಲ್ಕನಿಯಲ್ಲಿ ಆಸಕ್ತಿಯಿದೆಯೇ ಎಂದು ಕೇಳಿದಳು. ಅವನು ನೀಲಿ ಚೀಲದ ಕಾಲಲ್ಲೇ ಮೆಟ್ಟಿಲಿಳಿದು ನೆಲಮಾಳಿಗೆಗೆ ಓಡಿದ.

ಮಾಯ್‌ಲಿಸ್ ಒಂದು ದೊಡ್ಡ ಹಾಸುಬಟ್ಟೆಯೊಂದಿಗೆ ಒಬ್ಬಳೇ ಗುದ್ದಾಡುತ್ತಿದ್ದಳು. ಅದನ್ನು ಎಳೆದು ಮಡಿಸುವುದು ಇಬ್ಬರ ಕೆಲಸ. ಅವನನ್ನು ಕಂಡಳು, ಅವನ ಕಾಲು ಕಂಡಳು, ಎರಡು ತುದಿಗಳನ್ನು ಅವನ ಕೈಗೆ ಕೊಟ್ಟಳು. ಇಬ್ಬರೂ ಎಳೆದರು, ಮಡಿಸಿದರು, ಮತ್ತೆ ಎಳೆದರು.

"ನಿನಗೆ ನನ್ನ ದನಿ ಬೇಕಾಗಿತ್ತು ಇಂಗ್ವೆ," ಎಂದಳು ಕೊನೆಗೆ. "ನಾನು ಬೇಕಾಗಿರ್ಲಿಲ್ಲ."

ಇಂಗ್ವೆ ಹಾಗಲ್ಲ ಎಂದು ತೊದಲಿ, ಅತ್ತೆಯನ್ನು ಅಳಿಸಿದ್ದನ್ನೂ ಮೈಕಿನ ವ್ಯವಸ್ಥೆಯನ್ನೂ ಅದಕ್ಕೆ ಬ್ರೌಸರ್ ಅನುಮತಿ ಕೇಳುವ ಕ್ರಮವನ್ನೂ ವಿವರವಾಗಿ ಹೇಳತೊಡಗಿದ. ಅವಳು ಹವಾಮಾನ ವರದಿ ಕೇಳುವವಳಂತೆ ಪೂರ್ತಿ ಕೇಳಿದಳು.

"ಅದೆಲ್ಲ ಪುಟದ ಮಾತಾಯ್ತು. ನನಗೆ ಹೇಳೋದೇನಾದ್ರೂ ಇದ್ಯಾ?"

ಹಾಸುಬಟ್ಟೆಯ ತುದಿ ಅವನ ಕೈಯಲ್ಲೇ ಇತ್ತು. ಕತ್ತರಿಸಲು, ಹಕ್ಕಿ ಸೇರಿಸಲು, ಅಳಿಸಿ ಮತ್ತೆ ಹೇಳಲು ಇಲ್ಲಿ ಯಾವ ಗುಂಡಿಯೂ ಇರಲಿಲ್ಲ.

"ತಪ್ಪು ನಂದು," ಎಂದ. "ಚೀಲ ಇಟ್ಟ ದಿನಾನೇ ನಾನು ಮೇಲೆ ಬರ್ಬೇಕಿತ್ತು. ಧೈರ್ಯ ಬರ್ಲಿಲ್ಲ. ಹೋಗ್ಬೇಡ ಮಾಯ್‌ಲಿಸ್."

ಅವಳು ಅವನ ಕೈಯಿಂದ ತುದಿ ತೆಗೆದುಕೊಂಡು ಕೊನೆಯ ಮಡಿಕೆ ಹಾಕಿ, ಬುಟ್ಟಿಯಲ್ಲಿಟ್ಟು, ಅಂಗೈಯಿಂದ ಒತ್ತಿದಳು. ಅವಳ ಕಣ್ಣು ಕೆಂಪಾಗಿತ್ತು, ದನಿ ಮಾತ್ರ ಈಜುಕೊಳದ್ದೇ.

"ಇಲ್ಲಿ ನಂಗೊಬ್ಬಳಿಗೆ ಹೇಳೋದು ಸುಲಭ. ಮೇಲೆ ಹೋಗು. ಈ ಮನೆ ಮಾರಾಟಕ್ಕಿಲ್ಲ ಅಂತ ಆ ಜನಕ್ಕೆಲ್ಲ ಹೇಳಿ ಬಾ. ನಿನ್ನ ದನೀಲೇ ಹೇಳು, ನಂದನ್ನ ತಗೊಂಡು ಹೋಗ್ಬೇಡ."

ಇಂಗ್ವೆ ಮೆಟ್ಟಿಲು ಹತ್ತಿದ. ಒಳಗೆ ಒಬ್ಬ ಗೋಡೆ ಅಳೆಯುತ್ತಿದ್ದ, ಒಬ್ಬಳು ಅಡಿಗೆಮನೆಯ ಓವನ್ನಿನ ಬಾಗಿಲು ತೆಗೆದು ನೋಡುತ್ತಿದ್ದಳು, ರೂಟ್‌ಗರ್ ಕೂಡ ಬೆಲೆ ತಿಳಿಯುವ ನೆಪದಲ್ಲಿ ಬಂದು ಕಿಟಕಿಯ ಬಳಿ ನಿಂತಿದ್ದ. ಇಂಗ್ವೆ ನಡುಮನೆಯ ಮಧ್ಯೆ ಹೋಗಿ ನಿಂತ. ಇಲ್ಲಿ ಆರಿಸಲು ದೀಪವಿರಲಿಲ್ಲ, ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಮುಖಕ್ಕೇ ಹೊಡೆಯುತ್ತಿತ್ತು.

"ಈ ಮನೆ ಮಾರಾಟಕ್ಕಿಲ್ಲ," ಎಂದು ಅವನು ಗಟ್ಟಿಯಾಗಿ ಹೇಳಿದ. ಅಷ್ಟು ಗಟ್ಟಿಯಾಗಿ ಹೇಳುವ ಉದ್ದೇಶ ಅವನಿಗೂ ಇರಲಿಲ್ಲ. ಓವನ್ನಿನ ಬಾಗಿಲು ಮುಚ್ಚಿಕೊಂಡಿತು.

ದಲ್ಲಾಳಿ ಹುಡುಗಿ ಕೈಯಲ್ಲಿದ್ದ ಪಟ್ಟಿಯನ್ನೂ ಅವನನ್ನೂ ನೋಡಿ, ಅದನ್ನು ಹೇಳಲು ನೀನು ಯಾರು ಎಂದು ಕೇಳಿದಳು.

"ಕೆಳಗಿನ ಮನೆಯವನು," ಎಂದ ಇಂಗ್ವೆ. "ಅವಳೇ ಕಳಿಸಿದ್ದು."

ಈ ದೇಶದಲ್ಲಿ ಒಬ್ಬ ಎದುರು ನಿಂತು ಗಟ್ಟಿಯಾಗಿ ಮಾತಾಡಿದರೆ ಜನ ಅದನ್ನು ಕಾನೂನೆಂದೇ ತಿಳಿಯುತ್ತಾರೆ. ಒಬ್ಬೊಬ್ಬರಾಗಿ ಬಾಗಿಲಿಗೆ ಬಂದು, ಬಗ್ಗಿ, ಕಾಲಿನ ನೀಲಿ ಚೀಲ ಬಿಚ್ಚತೊಡಗಿದರು. ಮೊದಲು ಬಗ್ಗಿದವನು ರೂಟ್‌ಗರ್.